ಬೀಗ ಹಾಕಿದ ಕಚೇರಿಯ ಸಂಬಳದ ಲೆಕ್ಕ

2019ರ ಜನವರಿ 25, ಶುಕ್ರವಾರ. ವರ್ಜೀನಿಯಾ ಮತ್ತು ಫ್ಲಾರಿಡಾದ ಎರಡು ಕೇಂದ್ರಗಳಲ್ಲಿ ಹತ್ತು ಮಂದಿ ವಿಮಾನ ಸಂಚಾರ ನಿಯಂತ್ರಕರು ಮೈ ಹುಷಾರಿಲ್ಲವೆಂದು ರಜೆ ಹಾಕಿದರು. ಅಷ್ಟಕ್ಕೇ ನ್ಯೂಯಾರ್ಕಿನ ಲಾಗಾರ್ಡಿಯಾಕ್ಕೆ ಬರಬೇಕಿದ್ದ ವಿಮಾನಗಳನ್ನು ಕೆಲಹೊತ್ತು ಹೊರಡುವ ಊರಲ್ಲೇ ತಡೆದು ನಿಲ್ಲಿಸಬೇಕಾಯಿತು. ಅದೇ ದಿನ ಅಧ್ಯಕ್ಷ ಟ್ರಂಪ್, ಮೆಕ್ಸಿಕೊ ಗಡಿಗೋಡೆಗೆ ತಾವು ಕೇಳಿದ್ದ 570 ಕೋಟಿ ಡಾಲರ್ ಸಿಗದಿದ್ದರೂ ಅನುದಾನ ಸಿಗದೆ ಮುಚ್ಚಿದ್ದ ಸರ್ಕಾರಿ ಕಚೇರಿಗಳ ಬಾಗಿಲು ತೆರೆಯಲು ಒಪ್ಪಿದರು. 35 ದಿನಗಳ ಮಾತುಕತೆ ಮಾಡಲಾಗದ್ದನ್ನು ಹತ್ತು ಜನರ ಗೈರುಹಾಜರಿ ಮಾಡಿತೇನೋ ಎನ್ನಿಸುವಂತಿತ್ತು. ಅವರ ಕಾಯಿಲೆ ಯಾವುದೋ ನಮಗೆ ತಿಳಿಯದು. ಆ ಹೊತ್ತಿಗೆ ಎರಡು ಸಂಬಳ ಕೈಗೆ ಬಂದಿರಲಿಲ್ಲ ಎಂಬುದಂತೂ ನಿಜ.

ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಬಜೆಟ್ ತಡವಾದರೆ ಸಂವಿಧಾನದ 116ನೇ ವಿಧಿಯಡಿ, ರಾಜ್ಯಗಳಲ್ಲಾದರೆ 206ನೇ ವಿಧಿಯಡಿ, ಲೇಖಾನುದಾನ ಪಡೆದು ಕೆಲಸ ಸಾಗಿಸುತ್ತಾರೆ. ಬಜೆಟ್ಟೇ ಬಿದ್ದುಹೋದರೆ ಮನೆಗೆ ಹೋಗುವವರು ಮಂತ್ರಿಗಳು, ಗುಮಾಸ್ತರಲ್ಲ. ಅಮೆರಿಕದಲ್ಲಿ ಅಧ್ಯಕ್ಷರ ಕುರ್ಚಿಗೂ ಬಜೆಟ್ಟಿಗೂ ಅಂಥ ನಂಟಿಲ್ಲ. ಅಕ್ಟೋಬರ್ 1ಕ್ಕೆ ಅಲ್ಲಿನ ಹಣಕಾಸು ವರ್ಷ ಶುರು. ಅಷ್ಟರೊಳಗೆ 12 ಅನುದಾನ ಮಸೂದೆಗಳೋ, ಒಂದು ತಾತ್ಕಾಲಿಕ ಮಸೂದೆಯೋ ಪಾಸಾಗಬೇಕು. ಹಿಂದೆಯೂ ಮಸೂದೆಗಳು ತಡವಾಗುತ್ತಿದ್ದವು, ಕಚೇರಿಗಳು ಮಾತ್ರ ಹೇಗೋ ನಡೆದುಕೊಂಡು ಹೋಗುತ್ತಿದ್ದವು. 1980-81ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ 1884ರ ಹಳೆಯ ಕಾನೂನೊಂದನ್ನು ಬಿಗಿಯಾಗಿ ಓದಿದರು: ಅನುದಾನವಿಲ್ಲದೆ ಕೆಲಸ ಮಾಡಿಸುವಂತಿಲ್ಲ, ಜೀವ ಮತ್ತು ಆಸ್ತಿ ರಕ್ಷಣೆಯ ಕೆಲಸಗಳಿಗಷ್ಟೇ ವಿನಾಯಿತಿ. ಹೀಗೆ ಕಚೇರಿಗೆ ಬೀಗ ಹಾಕುವ ಶಟ್‌ಡೌನ್ ಹುಟ್ಟಿದ್ದು ಆ ಓದಿನಿಂದ.

ಕಚೇರಿ ಮುಚ್ಚಿದರೆ ದುಡ್ಡಾದರೂ ಉಳಿಯಬೇಕಲ್ಲ? ಅದೂ ಇಲ್ಲ. 2018-19ರಲ್ಲಿ ಸುಮಾರು 8 ಲಕ್ಷ ಕೇಂದ್ರ ನೌಕರರಿಗೆ ಸಂಬಳ ನಿಂತಿತು. ಅವರಲ್ಲಿ 3.8 ಲಕ್ಷ ಮಂದಿ ಮನೆಯಲ್ಲಿ ಕೂತರು, ಉಳಿದವರು ಬಿಡಿಗಾಸಿಲ್ಲದೆ ಕೆಲಸ ಮಾಡಿದರು. ಬಾಗಿಲು ತೆರೆದ ಮೇಲೆ ಇಬ್ಬರಿಗೂ ಪೂರ್ತಿ ಬಾಕಿ ಸಂದಾಯ. ಎಂದರೆ ಖಜಾನೆ ದಂಡ ತೆತ್ತದ್ದು ಆಗದ ಕೆಲಸಕ್ಕೆ. 2013ರಿಂದ 2019ರವರೆಗಿನ ಮೂರು ಶಟ್‌ಡೌನ್‌ಗಳಲ್ಲಿ ಹೀಗೆ ಸುರಿದದ್ದು ಕನಿಷ್ಠ 370 ಕೋಟಿ ಡಾಲರ್ ಎಂದು ಸೆನೆಟ್‌ನ ಉಪಸಮಿತಿ ಲೆಕ್ಕ ಹಾಕಿತು. ಮೇಲೆ ಬಾರದೆ ಹೋದ ಶುಲ್ಕಗಳ ನಷ್ಟ ಬೇರೆ.

ದೇಶದ ಒಟ್ಟು ಉತ್ಪನ್ನದ ಕಥೆ ಇನ್ನೊಂದು. ಆ 35 ದಿನಗಳಿಂದ ತಪ್ಪಿದ್ದು 1,100 ಕೋಟಿ ಡಾಲರ್, ಅದರಲ್ಲಿ 300 ಕೋಟಿ ಎಂದಿಗೂ ಮರಳದು ಎಂದಿತು ಸಂಸತ್ತಿನ ಬಜೆಟ್ ಕಚೇರಿ. ಮುಂದೂಡಿದ ಕಾರು ಖರೀದಿ ಸಂಬಳ ಬಂದ ಮೇಲೆ ಆದೀತು. ಆದರೆ ಜನವರಿಯಲ್ಲಿ ತಪ್ಪಿದ ಹೋಟೆಲ್ ಊಟವನ್ನು ಫೆಬ್ರವರಿಯಲ್ಲಿ ದಿನಕ್ಕೆರಡು ಸಲ ಉಣ್ಣುವವರು ಯಾರು? ಲೇಬಲ್‌ಗೆ ಒಪ್ಪಿಗೆ ಕೊಡುವ ಕಚೇರಿ ಮುಚ್ಚಿದ್ದರಿಂದ ಸಣ್ಣ ಬಿಯರ್ ತಯಾರಕರು ಹೊಸ ಬಗೆಯ ಬಿಯರನ್ನು ಪಕ್ಕದ ರಾಜ್ಯಕ್ಕೆ ಕಳಿಸಲಾಗದೆ ಕೂತರು. ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ಬಾಣಸಿಗ ಹೊಸೆ ಆಂಡ್ರೆಸ್ ತೆರೆದ ಅಡುಗೆಮನೆಯ ಮುಂದೆ ಸರ್ಕಾರಿ ನೌಕರರು ಪುಕ್ಕಟೆ ಊಟಕ್ಕೆ ಸಾಲು ನಿಂತರು. ಇವರೇಕೆ ಅನ್ನಸತ್ರಗಳಿಗೆ ಹೋಗುತ್ತಾರೆ, ಸಾಲ ತೆಗೆಯಬಹುದಲ್ಲ ಎಂದು ಅಚ್ಚರಿಪಟ್ಟವರು ಆಗಿನ ವಾಣಿಜ್ಯ ಮಂತ್ರಿ ವಿಲ್ಬರ್ ರಾಸ್. ಅವರು ಭಾರಿ ಶ್ರೀಮಂತರು. ತಿಂಗಳ ಕೊನೆ ಎಂಬುದರ ಪರಿಚಯ ಇದ್ದಿರಲಿಕ್ಕಿಲ್ಲ.

2025ರಲ್ಲಿ ಮತ್ತೆ ಶಟ್‌ಡೌನ್: ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ, ಅಲ್ಲಿಯವರೆಗಿನ ದಾಖಲೆ. ಆ ಸಲದ ಜಗಳ ಆರೋಗ್ಯ ವಿಮೆಯ ಸಹಾಯಧನದ್ದು. ನವೆಂಬರ್ ಬಂದಾಗ 4.2 ಕೋಟಿ ಜನರ ಆಹಾರ ಸಹಾಯ ಕೋರ್ಟಿನ ಕಟ್ಟೆ ಹತ್ತಿತು. 40 ವಿಮಾನ ನಿಲ್ದಾಣಗಳಲ್ಲಿ ಹಾರಾಟಕ್ಕೆ ಕತ್ತರಿ ಬಿತ್ತು. ಬಿಸಿ ನಮ್ಮವರಿಗೂ ತಟ್ಟಿತು. ಎಚ್-1ಬಿ ವೀಸಾ ಅರ್ಜಿಯ ಮೊದಲ ಮೆಟ್ಟಿಲಾದ ಎಲ್‌ಸಿಎ ಪ್ರಮಾಣಪತ್ರ ಕೊಡಬೇಕಾದ ಕಾರ್ಮಿಕ ಇಲಾಖೆಯ ವಿಭಾಗವೇ ಬಹುತೇಕ ಅಕ್ಟೋಬರ್ ಪೂರ್ತಿ ಮುಚ್ಚಿತ್ತು. ಅಲ್ಲಿ ಕೆಲಸ ಬದಲಿಸಲು ಹೊರಟಿದ್ದ ಬೆಂಗಳೂರಿನ ಎಂಜಿನಿಯರ್ ಕೈಯಲ್ಲಿ ಆಫರ್ ಲೆಟರ್ ಹಿಡಿದು ಕಾಯಬೇಕಾಯಿತು. ಅಂಕಿಅಂಶ ಕಲೆಹಾಕುವವರೂ ಮನೆಯಲ್ಲೇ ಇದ್ದುದರಿಂದ ಆ ಅಕ್ಟೋಬರಿನ ನಿರುದ್ಯೋಗ ದರ ಪ್ರಕಟವಾಗಲೇ ಇಲ್ಲ. ಕೆಲಸ ಕಳೆದುಕೊಂಡವರೆಷ್ಟು ಎಂಬ ಸಾಲು ಸರಣಿಯಲ್ಲಿ ಖಾಲಿ ಉಳಿದಿದೆ.

ಇದೆಲ್ಲದರಲ್ಲಿ ನನ್ನನ್ನು ಹೆಚ್ಚು ಕಾಡುವವರು ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರು. ಸರ್ಕಾರಿ ಕಟ್ಟಡದ ನೆಲ ಒರೆಸುವವರು, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವರು, ಮ್ಯೂಸಿಯಮ್ಮಿನ ಬಾಗಿಲು ಕಾಯುವವರು, ಎಲ್ಲರೂ ಗುತ್ತಿಗೆಯವರು. 2019ರ ಕಾನೂನು ಬಾಕಿ ಸಂಬಳದ ಭರವಸೆ ಕೊಟ್ಟದ್ದು ಸರ್ಕಾರದ ನೇರ ನೌಕರರಿಗೆ. ಗುತ್ತಿಗೆಯವರಿಗೂ ಕೊಡಿಸೋಣವೆಂದು ಅದೇ ವರ್ಷ ಸೆನೆಟ್‌ನಲ್ಲಿ ಮಸೂದೆ ಬಂತು. ಅದು ಕಾನೂನಾಗಲಿಲ್ಲ.