ಟಬ್ಬಿನ ಸೊಪ್ಪಿಗೆ ನೀರಷ್ಟೇ ಸಾಲದು, ಗಾಳಿಯೂ ಬೇಕು

ತಾರಸಿಯಲ್ಲಿ ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನ ಟಬ್ಬಿನಲ್ಲಿ ಲೆಟ್ಯೂಸ್ ಬೆಳೆಸುವ ಸದಸ್ಯ ಬಾಂಧವರ ಗಮನಕ್ಕೆ: ಟಬ್ಬು ತುಂಬ ನೀರಿದ್ದರೂ ಆಮ್ಲಜನಕ ಸಿಗದೆ ಬೇರು ಸಾಯುತ್ತದೆ.

ಸಸಿ ಚಿಕ್ಕದಿರುವಾಗ ನೀರು ಜಾಲರಿ ಕುಂಡದ ತಳ ಮುಟ್ಟುತ್ತಿರಲಿ. ಬೇರು ಉದ್ದಕ್ಕೆ ಇಳಿದ ಮೇಲೆ ಮಟ್ಟವನ್ನು 1-2 ಅಂಗುಲ ತಗ್ಗಿಸಿ. ನೀರಿನ ಮೇಲಿರುವ ಬೇರು ಗಾಳಿಯಿಂದ ಉಸಿರಾಡುತ್ತದೆ. ಮತ್ತೆ ಮೇಲಿನವರೆಗೆ ತುಂಬಿಸಿದರೆ ಅದು ಮುಳುಗಿ ಉಸಿರುಗಟ್ಟುತ್ತದೆ.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಆದ್ದರಿಂದ ಮುಂಬಯಿ, ಚೆನ್ನೈ ಬೇಸಿಗೆಯಲ್ಲಿ ಟಬ್ಬಿನ ಮೈಗೆ ಬಿಸಿಲು ತಾಗದಂತೆ ಮುಚ್ಚಿ. ಏರ್ ಪಂಪ್ ಹಗಲೂ ರಾತ್ರಿ ಓಡಲಿ, ಅದಕ್ಕೊಂದು ಬ್ಯಾಟರಿಯೂ ಇರಲಿ. ಮದುವೆ ಆರ್ಡರಿನ ಹಿಂದಿನ ದಿನ ಕರೆಂಟ್ ಹೋದರೆ ಸಲಾಡಿನ ಸೊಪ್ಪು ಉಳಿಯುವುದು ಅದರಿಂದಲೇ.