ರೈಲು ಮತ್ತೆ ಬಾರದ ಧನುಷ್ಕೋಡಿ

ರಾಮೇಶ್ವರಕ್ಕೆ ಹೋದವರು ಧನುಷ್ಕೋಡಿ ನೋಡದೆ ಮರಳುವುದು ಈಗ ಅಪರೂಪ. 2017ರಲ್ಲಿ ತುದಿಯ ಅರಿಚಲ್‌ಮುನೈವರೆಗೆ ರಸ್ತೆಯಾದ ಮೇಲಂತೂ ವಾಹನಗಳ ಸಾಲು ಮುಗಿಯುವುದೇ ಇಲ್ಲ. ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಮನ್ನಾರ್ ಕೊಲ್ಲಿ, ನಡುವೆ ಕಿರಿದಾದ ಮರಳ ಪಟ್ಟಿ. ಬಹುತೇಕರು ತುದಿಗೆ ಹೋಗಿ, ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಆದರೆ ನೋಡಬೇಕಾದದ್ದು ತುದಿಗಿಂತ ಮೊದಲೇ ಸಿಗುವ ಹಳೆಯ ಊರು.

1914ರಿಂದ ಅರ್ಧ ಶತಮಾನ ಸಿಲೋನಿಗೆ ಇದೇ ದಾರಿ. ಮದ್ರಾಸಿನಿಂದ ಬೋಟ್ ಮೇಲ್ ರೈಲಿನಲ್ಲಿ ಇಲ್ಲಿಗೆ ಬಂದು, ಹಡಗು ಹತ್ತಿ ತಲೈಮನ್ನಾರ್ ಸೇರಿ, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊಗೆ ಹೋಗುತ್ತಿದ್ದರು. ನಿಲ್ದಾಣ, ಅಂಚೆ ಕಚೇರಿ, ಶಾಲೆ, ಚರ್ಚು ಎಲ್ಲವೂ ಇದ್ದ ತುಂಬಿದ ಊರು.

1964ರ ಡಿಸೆಂಬರ್ 22ರ ನಡುರಾತ್ರಿ ಚಂಡಮಾರುತ ಅಪ್ಪಳಿಸಿತು. ತಡೆಯಲು ಗುಡ್ಡವಿಲ್ಲ, ಏರಿ ನಿಲ್ಲಲು ದಿಬ್ಬವಿಲ್ಲ. ಉಕ್ಕಿದ ಕಡಲು ಮರಳ ಪಟ್ಟಿಯನ್ನು ದಾಟಿ ಹರಿಯಿತು. ಅದೇ ಹೊತ್ತಿಗೆ ಪಾಂಬನ್‌ನಿಂದ ಹೊರಟಿದ್ದ 653 ನಂಬರಿನ ಪ್ಯಾಸೆಂಜರ್ ರೈಲು ಊರು ಮುಟ್ಟುವ ಮೊದಲೇ ಅಲೆಗೆ ಸಿಕ್ಕಿತು. ಅದರಲ್ಲಿದ್ದವರು ಯಾರೂ ಉಳಿಯಲಿಲ್ಲ. ಒಟ್ಟು ಸತ್ತವರು ಸುಮಾರು 1,800 ಮಂದಿ ಎಂಬುದು ಅಂದಾಜು.

ರಾಮೇಶ್ವರ ದ್ವೀಪವನ್ನು ಒಳನಾಡಿಗೆ ಜೋಡಿಸುತ್ತಿದ್ದ ಪಾಂಬನ್ ರೈಲು ಸೇತುವೆಯೂ ಮುರಿದಿತ್ತು. ಅದನ್ನು 46 ದಿನಗಳಲ್ಲಿ ಎಬ್ಬಿಸಿ ನಿಲ್ಲಿಸಿದವರು ಆಗಿನ ಯುವ ಎಂಜಿನಿಯರ್ ಇ. ಶ್ರೀಧರನ್. ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲು ತಂದವರೂ ಅವರೇ. ಸೇತುವೆಯೇನೋ ಸರಿಯಾಯಿತು. ಧನುಷ್ಕೋಡಿಯನ್ನು ಮಾತ್ರ ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಕೈಬಿಟ್ಟಿತು. ಹಳಿ ರಾಮೇಶ್ವರದಲ್ಲೇ ನಿಂತಿತು.

ಹಾಗೆಂದು ಇದನ್ನು ‘ಭೂತದ ಊರು’ ಎನ್ನುವುದು ತಪ್ಪು, ಇಲ್ಲಿ ಬದುಕುವವರಿಗೆ ಮಾಡುವ ಅವಮಾನವೂ ಹೌದು. ಮೀನುಗಾರರ ಕುಟುಂಬಗಳು ಇಂದಿಗೂ ಗುಡಿಸಲು ಕಟ್ಟಿಕೊಂಡು ಇಲ್ಲಿವೆ. ಮರಳಿನಲ್ಲಿ ಗುಂಡಿ ತೋಡಿ ಸಿಹಿನೀರು ತೆಗೆಯುತ್ತಾರೆ. ಹಳೆಯ ಊರಿನಲ್ಲಿ ಉಳಿದಿರುವ ಚರ್ಚಿನ ಗೋಡೆ ಹವಳದ ಕಲ್ಲಿನದು. ಹತ್ತಿರ ನಿಂತರೆ ಸಣ್ಣ ಸಣ್ಣ ತೂತುಗಳು, ಗೆರೆಗಳು ಕಾಣುತ್ತವೆ. ಉಪ್ಪುಗಾಳಿಗೆ ಅಂಚುಗಳು ಪುಡಿಯಾಗುತ್ತಿವೆ.

ಹೋಗುವವರು ಬೆಳಿಗ್ಗೆ ಬೇಗ ಹೊರಡಿ, ಕತ್ತಲಾಗುವುದರೊಳಗೆ ಮರಳಲೇಬೇಕು. ಸೆಳೆತ ಜೋರಾಗಿರುವುದರಿಂದ ನೀರಿಗಿಳಿಯಬೇಡಿ. ಆ ಗೋಡೆಗಳ ಮೇಲೆ ದಯವಿಟ್ಟು ನಿಮ್ಮ ಹೆಸರು ಕೆತ್ತಬೇಡಿ.