ಅಳಿಯುವ ಗೆರೆ, ಉಳಿಯುವ ಮಸಿ

ಕಳೆದ ಏಪ್ರಿಲ್ಲಿನ ಒಂದು ಬೆಳಗ್ಗೆ ನನ್ನ ಮಂಗಳವಾರ ಕಾಣೆಯಾಯಿತು. ಪ್ಲ್ಯಾನರಿನ ಪುಟದಲ್ಲಿ ಸೋಮವಾರವಿತ್ತು, ಬುಧವಾರವೂ ಇತ್ತು. ನಡುವೆ ಮಾತ್ರ ಸ್ಟೀಲ್ ಲೋಟದ ತಳದಷ್ಟೇ ಅಗಲದ ಒಂದು ಬೋಳು ವೃತ್ತ. ಬಿಸಿ ಕಾಫಿಯನ್ನು ಅದರ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತಾ ಕೂತಿದ್ದೆ, ಅಷ್ಟೆ. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಕಾಗದ ಒಣಗೇ ಇತ್ತು, ಬರೆದದ್ದು ಮಾತ್ರ ಹೋಗಿತ್ತು.

ಮಗಳು ನಕ್ಕಳು. “ಅಪ್ಪಾ, ಅದು ಅಳಿಸೋ ಪೆನ್ನು. ಫ್ರೀಜರಲ್ಲಿಡು, ವಾಪಸ್ ಬರತ್ತೆ.” ಹಸಿ ಬಟಾಣಿಯ ಪೊಟ್ಟಣ ಸರಿಸಿ ಪ್ಲ್ಯಾನರನ್ನು ಅಲ್ಲಿಟ್ಟೆ. ಮಧ್ಯಾಹ್ನ ತೆಗೆದು ನೋಡಿದರೆ ಮಂಗಳವಾರ ತುಸು ಮಂಕಾಗಿ, ಆದರೆ ಪೂರ್ತಿಯಾಗಿ, ಮರಳಿ ಬಂದಿತ್ತು. ಹಿಂದೆ ಬೇಡವೆಂದು ಉಜ್ಜಿ ಹಾಕಿದ್ದ ಕೆಲಸಗಳೂ ಅದರ ಜೊತೆಗೇ ಎದ್ದು ಬಂದಿದ್ದವು.

ಉತ್ತರಹಳ್ಳಿಯ ನಮ್ಮ ಮನೆಯ ಮಹಡಿ ಕೋಣೆ 2020ರ ಮಾರ್ಚಿನಲ್ಲಿ ಆಫೀಸಾಯಿತು. ಅದಕ್ಕೆ ಮುಂಚೆ ಅಲ್ಲಿ ಇಸ್ತ್ರಿಗೆ ಕಾದ ಬಟ್ಟೆಯ ಗುಡ್ಡೆಯಿತ್ತು. ಮಗಳ ಹಳೆಯ ಓದುವ ಮೇಜನ್ನು ಕಿಟಕಿಯ ಬಳಿಗೆ ಎಳೆದು ಕೂತವನು ಇವತ್ತಿಗೂ ವಾರದಲ್ಲಿ ಮೂರು ದಿನ ಅಲ್ಲೇ ಇದ್ದೇನೆ. ಮೇಜಿನ ಮೇಲೆ ಲ್ಯಾಪ್‌ಟಾಪಿಗಿಂತ ಹೆಚ್ಚು ಜಾಗ ಹಿಡಿದಿರುವುದು ಪೆನ್ನು, ಶಾಯಿ ಬಾಟಲಿ, ನೋಟ್‌ಬುಕ್ಕುಗಳು. ಇಷ್ಟೊಂದು ಯಾಕೆ ಎಂದು ಹೆಂಡತಿ ಕೇಳಿದಾಗಲೆಲ್ಲ ಉತ್ತರಕ್ಕೆ ತಡಕಾಡುತ್ತಿದ್ದೆ. ಕಾಫಿ ಲೋಟದ ಪ್ರಸಂಗದ ನಂತರ ಒಂದು ಉತ್ತರ ಹೊಳೆದಿದೆ: ಬರಹಕ್ಕೆ ಆಯುಷ್ಯವಿದೆ. ಒಂದೊಂದು ಸಾಮಾನು ಒಂದೊಂದು ಆಯುಷ್ಯದ್ದು.

ಮೊದಲು ಆ ಮಾಯವಾದ ಮಂಗಳವಾರ. ಅಳಿಸುವ ಪೆನ್ನಿನ ಶಾಯಿಯಲ್ಲಿ ಕೂದಲೆಳೆಗಿಂತ ಎಷ್ಟೋ ಸಣ್ಣ ಗುಳಿಗೆಗಳಿರುತ್ತವೆ. ಒಂದೊಂದರೊಳಗೂ ಮೂರು ವಸ್ತುಗಳು. ಮೊದಲನೆಯದು ತಾನಾಗಿ ಬಣ್ಣವಿಲ್ಲದ ಅಣು. ಎರಡನೆಯದು ಅದಕ್ಕೆ ಅಂಟಿಕೊಂಡು ಬಣ್ಣ ಬರಿಸುವ ಅಣು. ಮೂರನೆಯದು ಮೇಣದಂಥದ್ದು, ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗಿ ಮೊದಲೆರಡರ ನಂಟನ್ನು ಬಿಡಿಸುತ್ತದೆ. ನಂಟು ಬಿಟ್ಟರೆ ಬಣ್ಣವೂ ಹೋಯಿತು. ಪೆನ್ನಿನ ಹಿಂಬದಿಯ ರಬ್ಬರು ಏನನ್ನೂ ಕೆರೆದು ತೆಗೆಯುವುದಿಲ್ಲ, ಉಜ್ಜಿದ ಬಿಸಿಯಿಂದಲೇ ಕೆಲಸ ಮುಗಿಸುತ್ತದೆ. ಅದಕ್ಕೇ ಕಸ ಉದುರುವುದಿಲ್ಲ. ಜಾಣತನ ಇರುವುದು ಮುಂದಿನ ಹಂತದಲ್ಲಿ. ಕಾಗದ ತಣ್ಣಗಾದ ಕೂಡಲೇ ಬಣ್ಣ ಮರಳಿದ್ದರೆ ಈ ಪೆನ್ನಿನಿಂದ ಯಾರಿಗೂ ಉಪಯೋಗವಿರುತ್ತಿರಲಿಲ್ಲ. ಮರಳಬೇಕಾದರೆ ಸೊನ್ನೆಗಿಂತ 10–20 ಡಿಗ್ರಿ ಕೆಳಕ್ಕೆ ಇಳಿಯಬೇಕು. ಆ ಎರಡು ಗಡಿಗಳ ನಡುವೆ, ಎಂದರೆ ನಮ್ಮ ನಿತ್ಯದ ಹವೆಯಲ್ಲಿ, ಶಾಯಿ ಇದ್ದ ಹಾಗೇ ಇರುತ್ತದೆ. ಮನೆಯ ಫ್ರೀಜರು ಸಾಮಾನ್ಯವಾಗಿ ಮೈನಸ್ 18ರ ಆಸುಪಾಸು. ಬಟಾಣಿಯ ಪಕ್ಕದಲ್ಲಿ ಮಂಗಳವಾರ ಚೇತರಿಸಿಕೊಂಡದ್ದು ಹಾಗೆ. ಚೆಕ್ಕಿಗೆ, ಅರ್ಜಿಗೆ, ಪರೀಕ್ಷೆಗೆ ಈ ಪೆನ್ನು ಸಲ್ಲದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡೂ ಸಾಕು ಅದನ್ನು ಅಳಿಸುವುದಕ್ಕೆ.

ಬರೆದು ಅಳಿಸಿ ಮತ್ತೆ ಬರೆಯುವ ಪುಸ್ತಕವೇನು ಹೊಸ ಕಲ್ಪನೆಯಲ್ಲ. ನಮ್ಮ ಊರುಗಳ ಅಂಗಡಿಗಳಲ್ಲಿ, ಶಾನುಭೋಗರ ಮನೆಗಳಲ್ಲಿ, ಶೃಂಗೇರಿಯಂಥ ಮಠಗಳಲ್ಲಿ ಕಡತಗಳಿದ್ದವು. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯನ್ನು ಎರಡೂ ಬದಿಗೆ ಬಳಿದು ಒಣಗಿಸುತ್ತಿದ್ದರು. ಆಮೇಲೆ ಕತ್ತರಿಸದೆ ಹಿಂದೆ ಮುಂದೆ ಮಡಿಸಿ ಪುಸ್ತಕದಂತೆ ಮಾಡಿ, ಎರಡು ತುದಿಗೂ ಮರದ ಹಲಗೆ ಕೂರಿಸುತ್ತಿದ್ದರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ಬಲು ಆಸ್ಥೆಯಿಂದ ಬಣ್ಣಿಸಿದ್ದಾನೆ. ಅವನ ಲೆಕ್ಕದಲ್ಲಿ ಪಟ್ಟಿಯ ಅಗಲ 8 ಅಂಗುಲದಿಂದ ಒಂದಡಿ, ಉದ್ದ 12ರಿಂದ 18 ಅಡಿ. ಬರೆಯುವುದು ಬಳಪದಲ್ಲಿ, ಕಪ್ಪಿನ ಮೇಲೆ ಬಿಳಿ ಅಕ್ಷರ. ಲೆಕ್ಕ ತೀರಿದ ಮೇಲೆ ಒರೆಸಿದರೆ ಅದೇ ಮಡಿಕೆಯಲ್ಲಿ ಹೊಸ ಲೆಕ್ಕ.

ಬಳಪ ಬರೆಯುವುದರ ಹಿಂದೆ ಒಂದು ಸೊಗಸಾದ ರಚನೆಯಿದೆ. ಅದರಲ್ಲಿರುವ ಟಾಲ್ಕ್ ಎಂಬ ಖನಿಜ ಗಡಸುತನದ ಮೋಸ್ ಮಾಪನದಲ್ಲಿ 1, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಅದರ ಅಣುಗಳು ಹಾಳೆ ಹಾಳೆಯಾಗಿ ಜೋಡಣೆಗೊಂಡಿವೆ. ಒಂದು ಹಾಳೆಯೊಳಗಿನ ಬಂಧ ಗಟ್ಟಿ, ಹಾಳೆ ಹಾಳೆಗಳ ನಡುವಿನದು ತೀರಾ ಸಡಿಲ. ಒರಟು ಮೈಗೆ ತಾಗಿಸಿದರೆ ಸಾಕು, ಚಿರೋಟಿಯ ಪದರಗಳ ಹಾಗೆ ಜಾರಿ ಕಳಚಿಕೊಳ್ಳುತ್ತದೆ. ಕಳಚಿದ್ದು ಮೇಲ್ಮೈಯಲ್ಲಿ ಕೂರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ, ಆದ್ದರಿಂದ ಒರೆಸಬಹುದು. ಪೆನ್ಸಿಲ್ಲಿನ ಗ್ರಾಫೈಟಿನದೂ ಇದೇ ಕಥೆ, ಅಲ್ಲಿ ಹಾಳೆಗಳು ಇಂಗಾಲದವು, ಬಣ್ಣ ಕಪ್ಪು. ಹಾಗೆ ನೋಡಿದರೆ ಬೇಲೂರು ಹಳೇಬೀಡುಗಳ ಕುಸುರಿಯೂ ಬಳಪದ ಕಲ್ಲಿನದೇ. ಉಳಿಗೆ ಅಷ್ಟು ಸುಲಭವಾಗಿ ಮಣಿದದ್ದು ಆ ಮೆದುತನದಿಂದ.

ಬಟ್ಟೆಯ ಕಡತ ಹೋಯಿತು, ಹೆಸರು ಮಾತ್ರ ವಿಧಾನಸೌಧದಲ್ಲಿ ಉಳಿಯಿತು. ಇಂದಿನ ಕಡತ ಸುಲಭಕ್ಕೆ ಅಳಿಯುವುದಿಲ್ಲ, ಬೇಗ ವಿಲೇವಾರಿಯೂ ಆಗುವುದಿಲ್ಲ.

ಉಳಿಯಬೇಕಾದ ಬರಹಕ್ಕೆ ನಮ್ಮವರು ಬೇರೆ ದಾರಿ ಹಿಡಿದಿದ್ದರು. ಈಳಿಗೆ ಮಣೆಯಲ್ಲಿ ಬಾಳೆಕಾಯಿ ಹೆಚ್ಚಿದವರಿಗೆ ಆ ರಸಾಯನಶಾಸ್ತ್ರ ಗೊತ್ತಿರುತ್ತದೆ. ಕಬ್ಬಿಣದ ಅಲಗೂ ಬೆರಳೂ ಕಪ್ಪಾಗುತ್ತವೆ, ಸೋಪು ಹಾಕಿದರೂ ಬಿಡುವುದಿಲ್ಲ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೂ ಅದೇ ಗತಿ. ಕಾಯಿಯ ಒಗರು ಎಂದರೆ ಟ್ಯಾನಿನ್, ಅದು ಕಬ್ಬಿಣದೊಡನೆ ಕೂಡಿದರೆ ಕಡುಗಪ್ಪು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟು, ಬೆರೆಸಿ ಮಸಿ ಮಾಡುತ್ತಿದ್ದುದು ಇದೇ ತತ್ವದ ಮೇಲೆ. ಯೂರೋಪಿನಲ್ಲಿ ಅಳಲೆಕಾಯಿಯ ಬದಲು ಓಕ್ ಮರದ ಗಂಟುಗಳನ್ನು ಹಾಕಿ ಶತಮಾನಗಟ್ಟಲೆ ಬರೆದರು. ಬರೆಯುವ ಗಳಿಗೆಯಲ್ಲಿ ಈ ಮಸಿ ಪೇಲವ. ಗಾಳಿಯ ಆಮ್ಲಜನಕ ಸೋಕಿದಂತೆ ಕಬ್ಬಿಣ ಸ್ಥಿತಿ ಬದಲಿಸಿ, ನೀರಿನಲ್ಲಿ ಕರಗದ ಕಪ್ಪು ವಸ್ತುವಾಗಿ ಕಾಗದದ ನಾರಿನೊಳಗೇ ಬೇರೂರುತ್ತದೆ. ಪೇಲವವಾಗಿದ್ದರೆ ಬರೆಯುವವನಿಗೆ ಕಾಣಬೇಡವೇ? ಅದಕ್ಕೆ ನೀಲಿ ಬಣ್ಣ ಸೇರಿಸಿದರು. ನೀಲಿಯಾಗಿ ಬರೆದದ್ದು ನಿಧಾನಕ್ಕೆ ಕಪ್ಪಾಗುವ ಆ ಶಾಯಿಯೇ ಬ್ಲೂ-ಬ್ಲ್ಯಾಕ್. ಈಗ ಆ ಹೆಸರಿನ ಬಾಟಲಿಗಳಲ್ಲಿ ಹೆಚ್ಚಿನವುಗಳಲ್ಲಿ ಬರೀ ಬಣ್ಣವಿದೆ, ಕಬ್ಬಿಣವಿಲ್ಲ. ನನ್ನ ಮಟ್ಟಿಗೆ ಅದು ಹೆಸರಿಗೆ ಮಾಡಿದ ಅನ್ಯಾಯ, ಆದರೆ ಪೆನ್ನಿಗೆ ಉಪಕಾರ. ಹಳೆಯ ಮಸಿ ಆಮ್ಲೀಯ. ನಿಬ್ಬನ್ನೂ ತಿನ್ನುತ್ತಿತ್ತು, ಕೆಲವು ಸಲ ಕಾಗದವನ್ನೂ.

ಬೆರಳ ಮೇಲಿನ ಮಸಿಯೆಂದಾಗ ಮೈಸೂರು ನೆನಪಾಗದಿದ್ದರೆ ಹೇಗೆ? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಅಲ್ಲಿನ ಶಾಯಿ ಬೀಳುತ್ತಿದೆ. ಅದರ ಜೀವಾಳ ಬೆಳ್ಳಿಯ ನೈಟ್ರೇಟು. ಚರ್ಮದ ಉಪ್ಪಿನೊಡನೆ ಕೂಡಿ ಅದು ಬೆಳ್ಳಿಯ ಕ್ಲೋರೈಡಾಗುತ್ತದೆ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಹಳೆಯ ಕಪ್ಪು-ಬಿಳುಪು ಫೋಟೋಗಳ ವಿದ್ಯೆಯೂ ಬೆಳ್ಳಿಯದೇ. ಇಲ್ಲಿ ಫಿಲ್ಮು ಎಂದರೆ ನಮ್ಮ ಎಡಗೈ ತೋರುಬೆರಳು. ಉಗುರು ಬೆಳೆದು ಕತ್ತರಿಸುವವರೆಗೂ ಗುರುತು ಉಳಿಯುತ್ತದೆ.

ಮಸಿ ಯಾವುದೇ ಇರಲಿ, ಅದು ತುದಿಗೆ ಬರಬೇಕಲ್ಲ. ಮೇಜಿನ ಮೇಲೆ ನನಗೆ ಅತ್ಯಂತ ಪ್ರಿಯವಾದದ್ದು ಇಂಕ್ ಪೆನ್ನು. ಅದರ ಒಳಗುಟ್ಟು ನಿಬ್ಬಿನದಲ್ಲ, ನಿಬ್ಬಿನಡಿಯ ಕರಿ ನಾಲಿಗೆಯದು. ಹಣತೆಯ ಎಣ್ಣೆ ಬತ್ತಿಯ ಎಳೆಗಳ ಸಂದಿನಲ್ಲಿ ತಾನೇ ಮೇಲೇರುವ ಹಾಗೆ, ನಾಲಿಗೆಯ ಸಣ್ಣ ಸೀಳಿನಲ್ಲಿ ಶಾಯಿ ಇಳಿದು ಬರುತ್ತದೆ. ಆದರೆ ಎಣ್ಣೆ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ಗುಳುಗುಳು ಎಂದು ತಡೆದು ತಡೆದು ಬರುತ್ತದೆ, ಎರಡನೆಯದು ಗಾಳಿಗೆ ಬೇಕು. ಪೆನ್ನಿನಲ್ಲೂ ಹೊರಬಂದಷ್ಟು ಶಾಯಿಯ ಜಾಗಕ್ಕೆ ಗಾಳಿ ಒಳಹೋಗಬೇಕು. ಒಂದೇ ದಾರಿಯಲ್ಲಿ ಶಾಯಿ ಇಳಿಯುವುದನ್ನೂ ಗಾಳಿ ಏರುವುದನ್ನೂ ಸಂಭಾಳಿಸುವ ನಾಲಿಗೆಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ. ನಾಲಿಗೆಯ ಪಕ್ಕದಲ್ಲಿ ಬಾಚಣಿಗೆಯಂತೆ ಕಾಣುವ ಹಲ್ಲುಗಳು ಹೆಚ್ಚಾಗಿ ಬಂದ ಶಾಯಿಯನ್ನು ಹಿಡಿದಿಡುವ ಪುಟ್ಟ ಕಟ್ಟೆಗಳು. ಅವು ತುಂಬಿದ ಮೇಲೆ ಅಂಗಿಯ ಜೇಬಿನ ಪಾಡು ದೇವರಿಗೇ ಪ್ರೀತಿ.

ಹಂಗೇರಿಯ ಲಾಸ್ಲೊ ಬಿರೊ 1938ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಬಾಲ್ ಪೆನ್ನು ಈ ಗೋಜನ್ನೆಲ್ಲ ಬಿಟ್ಟು ಎಣ್ಣೆಯ ಅಂಟಂಟು ಶಾಯಿಯನ್ನು ನೆಚ್ಚಿಕೊಂಡಿತು. ಜೆಲ್ ಪೆನ್ನು ಬಂದದ್ದು 1984ರಲ್ಲಿ, ಜಪಾನಿನ ಸಕುರಾ ಕಂಪನಿಯಿಂದ. ದೋಸೆ ಹಿಟ್ಟನ್ನು ನೋಡಿ. ಸೌಟಿನಿಂದ ಕಾವಲಿಗೆ ಸುರಿದರೆ ಮುದ್ದೆಯಾಗಿ ಕೂರುತ್ತದೆ, ಸೌಟು ತಿರುಗಿಸಿದಾಗ ಸಡಿಲಾಗಿ ಹರಡುತ್ತದೆ, ಕೈ ನಿಲ್ಲಿಸಿದರೆ ಮತ್ತೆ ನಿಲ್ಲುತ್ತದೆ. ಜೆಲ್ ಶಾಯಿಯ ಸ್ವಭಾವವೂ ಇದೇ. ರೀಫಿಲ್ಲಿನಲ್ಲಿ ಗಟ್ಟಿ. ಗುಂಡು ಉರುಳಿ ಅರೆದ ಕ್ಷಣದಲ್ಲಿ ನೀರು. ಕಾಗದ ಮುಟ್ಟಿದ ಮೇಲೆ ಪುನಃ ಗಟ್ಟಿ. ಬರೆಯುವಾಗ ಜಾರುವ ಆ ಸುಖ, ಅಕ್ಷರದ ಅಂಚು ಚೂಪಾಗಿ ನಿಲ್ಲುವ ಆ ಸೊಬಗು ಎರಡೂ ಅದರಿಂದಲೇ.

ಇಷ್ಟೆಲ್ಲ ಇದ್ದೂ ಕಾಗದ ಕೈಕೊಟ್ಟರೆ ಮುಗಿಯಿತು. ಒಮ್ಮೆ ಅವೆನ್ಯೂ ರಸ್ತೆಗೆ ಹೋಗಿ ಅಗ್ಗಕ್ಕೆ ಸಿಕ್ಕಿತೆಂದು ಒಂದು ಡಜನ್ ಲಾಂಗ್‌ಬುಕ್ಕು ತಂದೆ. ಇಂಕ್ ಪೆನ್ನಿನಲ್ಲಿ ಬರೆದರೆ ಒಂದೊಂದು ಅಕ್ಷರಕ್ಕೂ ಜರಿಹುಳದ ಕಾಲು! ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಒತ್ತಿದ ಹಾಸು, ಸಂದುಗೊಂದುಗಳೇ ಹೆಚ್ಚು. ಹಣತೆಯ ಬತ್ತಿಯ ಗುಣ ಅದಕ್ಕೂ ಇದೆ, ಶಾಯಿಯನ್ನು ಎಲ್ಲ ದಿಕ್ಕಿಗೂ ಹೀರುತ್ತದೆ. ಅದನ್ನು ತಡೆಯಲು ಕಾರ್ಖಾನೆಯಲ್ಲಿ ಕಾಗದಕ್ಕೂ ಕಾಟನ್ ಸೀರೆಗೆ ಹಾಕುವ ಹಾಗೆ ಗಂಜಿ ಹಾಕುತ್ತಾರೆ. ಪಿಷ್ಟದ ತೆಳು ಲೇಪ ಸಂದುಗಳನ್ನು ಮುಚ್ಚುತ್ತದೆ, ಶಾಯಿ ಮೇಲೆಯೇ ನಿಂತು ಒಣಗುತ್ತದೆ. ಗಂಜಿಯಲ್ಲಿ ಜಿಪುಣತನ ಮಾಡಿದ ಕಾಗದವೇ ನನಗೆ ಸಿಕ್ಕಿದ್ದು. ಆ ಡಜನ್ ಈಗ ಪೆನ್ಸಿಲ್ಲಿನ ಲೆಕ್ಕಕ್ಕೆ ಮೀಸಲು.

ಅಂಗಡಿಯವರು ಜಿಎಸ್ಎಂ ಎಂದು ಹೇಳುವುದು ಒಂದು ಚದರ ಮೀಟರ್ ಕಾಗದದ ತೂಕ. ಎ-ಸೊನ್ನೆ ಅಳತೆಯ ಹಾಳೆ ಸರಿಯಾಗಿ ಒಂದು ಚದರ ಮೀಟರು, ಅದನ್ನು ನಾಲ್ಕು ಸಲ ಅರ್ಧ ಮಾಡಿದರೆ 16 ಎ-ಫೋರ್ ಹಾಳೆ. ಹಾಗಾಗಿ 80 ಜಿಎಸ್ಎಂನ ಒಂದು ಎ-ಫೋರ್ ಹಾಳೆ ತೂಗುವುದು 5 ಗ್ರಾಂ. ಹೀಗೆ ಅರ್ಧ ಮಾಡುತ್ತಾ ಹೋದರೂ ಆಕಾರ ಕೆಡದಿರುವುದು ಉದ್ದವು ಅಗಲದ ವರ್ಗಮೂಲ ಎರಡರಷ್ಟು ಇರುವುದರಿಂದ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸಿನ (ಎಂಪಿಎಂ) ಕಾಗದದಲ್ಲಿ ಬರೆದು ಬೆಳೆದ ನನ್ನಂಥವರಿಗೆ ಆ ಕಾರ್ಖಾನೆ ನಿಂತುಹೋದ ಸಂಕಟ ಬೇರೆ. ಬಿದಿರು, ಕಬ್ಬಿನ ಸಿಪ್ಪೆಗಳಿಂದ ಅಲ್ಲಿ ಕಾಗದವಾಗುತ್ತಿತ್ತು.

ಇನ್ನು ಪ್ಲ್ಯಾನರು. ಅದರಿಂದ ಬದುಕು ಶಿಸ್ತಾಗುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ, ಯೋಜನೆ ಹಾಕುವಾಗ ನಮ್ಮ ಅಂದಾಜೇ ತಪ್ಪುತ್ತದೆ. 1994ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಕೆನಡಾದ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 33.9 ದಿನಗಳಲ್ಲಿ ಮುಗಿಯುತ್ತದೆಂದು ಅಂದಾಜಿಸಿದ್ದರು, ಹಿಡಿದದ್ದು 55.5 ದಿನ. ಕೈಬರಹದಿಂದ ನೆನಪು ಹೆಚ್ಚುತ್ತದೆ ಎಂದು 2014ರಲ್ಲಿ ಸುದ್ದಿಯಾದ ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಫಲ ಅಷ್ಟು ಖಚಿತವಾಗಿ ಬರಲಿಲ್ಲ. ಆದರೆ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕಲ್ ಸ್ಕಲಿನ್ ತಂಡ 2018ರಲ್ಲಿ ಪ್ರಕಟಿಸಿದ್ದು ನನ್ನ ಅನುಭವಕ್ಕೆ ಹತ್ತಿರ. 57 ಮಂದಿಯಲ್ಲಿ ಕೆಲವರು ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು, ಉಳಿದವರು ಮಾಡಿ ಮುಗಿಸಿದ್ದನ್ನು. ಮೊದಲ ಗುಂಪಿಗೆ ಸರಾಸರಿ 9 ನಿಮಿಷ ಬೇಗ ನಿದ್ದೆ ಬಂತು. ಬಾಕಿ ಕೆಲಸವನ್ನು ತಲೆ ಮತ್ತೆ ಮತ್ತೆ ಎಳೆದು ತರುತ್ತಿರುತ್ತದೆ, ಕಾಗದಕ್ಕೆ ದಾಟಿಸಿದರೆ ಬಿಡುತ್ತದೆ. ಮಹಡಿಯ ಆಫೀಸಿಗೂ ಮಲಗುವ ಕೋಣೆಗೂ ಹತ್ತು ಮೆಟ್ಟಿಲಷ್ಟೇ ದೂರವಿರುವ ನಮ್ಮಂಥವರಿಗೆ ಆ ದಾಟಿಸುವಿಕೆ ಬೇಕೇ ಬೇಕು.

ಹೀಗಾಗಿ ಈಗ ನಾಳೆಯ ಕೆಲಸಕ್ಕೆ ಅಳಿಸುವ ಪೆನ್ನು, ದಿನಚರಿಗೆ ಇಂಕ್ ಪೆನ್ನು, ಸಹಿಗೆ ಬಾಲ್ ಪೆನ್ನು ಎಂದು ಪಾಲು ಹಂಚಿದ್ದೇನೆ. ಅಮ್ಮನಿಗೆ ಇದೆಲ್ಲ ತಮಾಷೆ. ಅವರ ಪ್ಲ್ಯಾನರು ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ತಿಥಿ ನಕ್ಷತ್ರಗಳ ಪಕ್ಕದ ಪುಟ್ಟ ಜಾಗದಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು, ಕೆಲಸದವಳ ರಜೆ. ಅದಕ್ಕೊಂದು ಒಳ್ಳೆಯ ಜೆಲ್ ಪೆನ್ನು ದಾರ ಕಟ್ಟಿ ತೂಗುಹಾಕಿದ್ದೆ. ಮೂರನೇ ದಿನಕ್ಕೆ ಕೆರೆಯತೊಡಗಿತು. ಗೋಡೆಗೆ ಬರೆಯುವಾಗ ಪೆನ್ನು ಅಡ್ಡವಾಗುತ್ತದೆ, ಶಾಯಿ ತನ್ನ ಭಾರದಿಂದ ಗುಂಡಿನತ್ತ ಇಳಿಯುವುದಿಲ್ಲ, ಸಂದಿಗೆ ಗಾಳಿ ಸೇರಿಕೊಳ್ಳುತ್ತದೆ ಎಂದು ನಾನು ವಿವರಿಸುತ್ತಿದ್ದಂತೆ ಅಮ್ಮ ದಾರ ಬಿಚ್ಚಿ ಪೆನ್ನನ್ನು ನನ್ನ ಕೈಗಿಟ್ಟರು. ಮೊಮ್ಮಗಳ ಡಬ್ಬಿಯಿಂದ ತಂದಿದ್ದ ಬೆರಳುದ್ದದ ಪೆನ್ಸಿಲ್ ತುಂಡನ್ನು ಅದೇ ದಾರಕ್ಕೆ ಬಿಗಿದು, “ನಾಳೆ ಹಾಲು ಒಂದು ಸಾಕು ಅಂತ ಹೇಳು” ಎನ್ನುತ್ತಾ ಎರಡು ಎಂದಿದ್ದನ್ನು ಅಳಿಸಿ ಒಂದು ಮಾಡಿದರು.